ಏಕೆ ಎಂದು ಕೇಳದ ಅಂಗರಚನಾಶಾಸ್ತ್ರ

ಅನಾಟಮಿ ಎಂದರೆ ಬಾಯಿಪಾಠ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಈ ನಂಬಿಕೆ ಎಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದರೆ ಇದೊಂದು ನಂಬಿಕೆ ಮಾತ್ರ ಎಂಬುದೇ ಮರೆತುಹೋಗಿದೆ. ಎಂಬಿಬಿಎಸ್ ಸೇರಿದ ಮೊದಲ ವಾರವೇ ಸೀನಿಯರ್‌ಗಳು ಇದನ್ನು ಕಿವಿಗೆ ಹಾಕುತ್ತಾರೆ. ಅಧ್ಯಾಪಕರು ತರಗತಿಯಲ್ಲಿ ಅನುಮೋದಿಸುತ್ತಾರೆ. ಪ್ರಶ್ನೆಪತ್ರಿಕೆ ಅದನ್ನೇ ನಿಯಮವಾಗಿಸುತ್ತದೆ. ಯಾವ ಮೂಳೆಗೆ ಯಾವ ಸ್ನಾಯು, ಯಾವ ಸ್ನಾಯುವಿಗೆ ಯಾವ ನರ, ಆ ನರದ ಮುಂದೆ ಏನು ಹಿಂದೆ ಏನು ಎಂಬುದನ್ನು ಉರು ಹೊಡೆದು ವೈವಾದಲ್ಲಿ ಒಪ್ಪಿಸಿದವನು ಪಾಸು. ಅದು ಹಾಗೇ ಏಕಿದೆ ಎಂದು ಕೇಳಿದವನಿಗೆ ಸಿಗುವ ಉತ್ತರ ಒಂದೇ: ಅದು ಪರೀಕ್ಷೆಗೆ ಬರುವುದಿಲ್ಲ, ಮುಂದೆ ಓದು.

ಈ ನಂಬಿಕೆ ತಪ್ಪು. ಅಷ್ಟೇ ಅಲ್ಲ, ಇದು ವಿದ್ಯಾರ್ಥಿಗೂ ರೋಗಿಗೂ ಹಾನಿ ಮಾಡುವ ತಪ್ಪು. ಮನುಷ್ಯನ ದೇಹಕ್ಕೆ ಎರಡು ಚರಿತ್ರೆಗಳಿವೆ. ಒಂದು, ಬೆನ್ನೆಲುಬುಳ್ಳ ಜೀವಿಗಳ ಸುಮಾರು ಐವತ್ತು ಕೋಟಿ ವರ್ಷಗಳ ಚರಿತ್ರೆ. ಇನ್ನೊಂದು, ತಾಯಿಯ ಗರ್ಭದಲ್ಲಿ ಒಂಬತ್ತು ತಿಂಗಳು ನಡೆಯುವ ಚರಿತ್ರೆ. ಡಿಸೆಕ್ಷನ್ ಹಾಲಿನ ಮೇಜಿನ ಮೇಲೆ ಮಲಗಿರುವ ದೇಹ ಈ ಎರಡರ ಫಲ. ಈ ಎರಡನ್ನೂ ಕತ್ತರಿಸಿ ಎಸೆದು ಫಲವನ್ನು ಮಾತ್ರ ಪಟ್ಟಿ ಮಾಡಿಸುವುದನ್ನು ನಾವು ಅಂಗರಚನಾಶಾಸ್ತ್ರದ ಬೋಧನೆ ಎಂದು ಕರೆಯುತ್ತಿದ್ದೇವೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ ಎಂದು ಗೊತ್ತಿರುವವನಿಗೆ ಆ ತಗ್ಗು, ಅಲ್ಲಿಗೆ ಇಳಿಯುವ ರಸ್ತೆಗಳು, ಮಳೆ ಬಂದಾಗ ನೀರು ಹಿಡಿಯುವ ದಾರಿ ಎಲ್ಲವೂ ಒಟ್ಟಿಗೆ ಅರ್ಥವಾಗುತ್ತವೆ. ಗೊತ್ತಿಲ್ಲದವನು ಒಂದೊಂದು ರಸ್ತೆಯನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ನಮ್ಮ ವೈದ್ಯ ವಿದ್ಯಾರ್ಥಿಗಳನ್ನು ನಾವು ಇಟ್ಟಿರುವುದು ಈ ಎರಡನೆಯವನ ಸ್ಥಿತಿಯಲ್ಲಿ.

ಮೊದಲ ಆರೋಪ: ನಾವು ಕಾರಣವನ್ನು ಬಿಟ್ಟು ಫಲವನ್ನು ಮಾತ್ರ ಕಲಿಸುತ್ತಿದ್ದೇವೆ. ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರವನ್ನೇ ನೋಡಿ. ಮಿದುಳಿನಿಂದ ಇಳಿಯುವ ವೇಗಸ್ ನರ ಕತ್ತಿನಲ್ಲಿ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿಯೇ ಒಂದು ಕವಲು ಒಡೆದಿದ್ದರೆ ಸಾಕಾಗಿತ್ತು. ಆದರೆ ಎಡಬದಿಯ ಕವಲು ಎದೆಗೂಡಿನವರೆಗೆ ಇಳಿದು, ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಕತ್ತಿಗೆ ಹತ್ತಿಬರುತ್ತದೆ. ಬಲಬದಿಯದು ಅಷ್ಟು ಕೆಳಗಿಳಿಯದೆ ಸಬ್‌ಕ್ಲೇವಿಯನ್ ಅಪಧಮನಿಗೆ ಸುತ್ತಿಕೊಂಡು ಮರಳುತ್ತದೆ. ಎರಡನೆಯ ಶತಮಾನದಲ್ಲೇ ವೈದ್ಯ ಗ್ಯಾಲೆನ್ ರೋಮ್ ನಗರದ ಸಭೆಯ ಮುಂದೆ ಕಿರುಚುವ ಹಂದಿಯ ಈ ನರವನ್ನು ಕತ್ತರಿಸಿ, ಅದರ ದನಿ ನಿಲ್ಲುವುದನ್ನು ತೋರಿಸಿದ್ದ. ಅಂದರೆ ಮನುಷ್ಯನ ದನಿಯ ನರದ ಬಗ್ಗೆ ವೈದ್ಯಶಾಸ್ತ್ರ ಮೊದಲ ಪಾಠ ಕಲಿತದ್ದೇ ಒಂದು ಪ್ರಾಣಿಯಿಂದ.

ಈ ಸುತ್ತು ಏಕೆ? ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ ಏಕೆ? ಮೀನಿನಲ್ಲಿ ಇದೇ ನರದ ಕವಲುಗಳು ಕಿವಿರುಗಳಿಗೆ ನೇರವಾಗಿ ಹೋಗುತ್ತವೆ. ಹೃದಯ ಅಲ್ಲೇ ತಲೆಯ ಹಿಂದಿದೆ, ಕತ್ತು ಎಂಬುದೇ ಇಲ್ಲ. ಪ್ರತಿ ಕಿವಿರಿನ ಕಮಾನಿಗೂ ಒಂದು ರಕ್ತನಾಳ, ಅದರ ಬೆನ್ನಿಗೆ ಒಂದು ನರ. ನಮ್ಮ ಭ್ರೂಣದಲ್ಲೂ ನಾಲ್ಕನೆಯ ವಾರದ ಹೊತ್ತಿಗೆ ಗಂಟಲಿನ ಕಮಾನುಗಳು ಮೂಡುತ್ತವೆ. ಒಂದೊಂದಕ್ಕೂ ತನ್ನದೇ ರಕ್ತನಾಳ, ತನ್ನದೇ ನರ. ಮುಂದೆ ಕತ್ತು ಉದ್ದವಾಗಿ ಹೃದಯ ಎದೆಗೆ ಇಳಿದಾಗ, ಆರನೆಯ ಕಮಾನಿನ ನಾಳದ ಕೆಳಗಿದ್ದ ನರವೂ ಅದರೊಂದಿಗೆ ಎಳೆದುಕೊಂಡು ಹೋಗುತ್ತದೆ. ಬಲಬದಿಯಲ್ಲಿ ಆ ನಾಳದ ಹೊರತುದಿ ಅಳಿದುಹೋಗುವುದರಿಂದ ನರ ಮೇಲಕ್ಕೆ ಸರಿದು ನಾಲ್ಕನೆಯ ಕಮಾನಿನ ನಾಳಕ್ಕೆ ತೊಡರಿಕೊಳ್ಳುತ್ತದೆ. ಅದೇ ಮುಂದೆ ಸಬ್‌ಕ್ಲೇವಿಯನ್ ಆಗುತ್ತದೆ. ಜಿರಾಫೆಯಲ್ಲಿ ಇದೇ ನರ ಇದೇ ಸುತ್ತನ್ನು ಕೆಲವು ಮೀಟರುಗಳಷ್ಟು ಉದ್ದಕ್ಕೆ ಹಾಕುತ್ತದೆ. ಇಷ್ಟನ್ನು ಒಮ್ಮೆ ತಿಳಿದ ವಿದ್ಯಾರ್ಥಿ ಎಡ–ಬಲಗಳ ವ್ಯತ್ಯಾಸವನ್ನು ಬದುಕಿನಲ್ಲಿ ಮರೆಯಲಾರ.

ಇದರಿಂದ ರೋಗಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇದು. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಬಲಗಡೆಯ ನಾಲ್ಕನೆಯ ಕಮಾನಿನ ನಾಳ ಭ್ರೂಣದಲ್ಲೇ ಅಳಿದಿರುತ್ತದೆ. ಆಗ ಬಲಗೈಗೆ ಹೋಗುವ ಅಪಧಮನಿ ಅನ್ನನಾಳದ ಹಿಂದಿನಿಂದ ಬೇರೆ ದಾರಿ ಹಿಡಿಯುತ್ತದೆ. ತೊಡರಿಕೊಳ್ಳಲು ಆಧಾರವಿಲ್ಲದ ನರ ಸೀದಾ ಧ್ವನಿಪೆಟ್ಟಿಗೆಗೆ ಹೋಗುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ನರವನ್ನು ಪುಸ್ತಕ ಹೇಳಿದ ಜಾಗದಲ್ಲಿ ಮಾತ್ರ ಹುಡುಕುವ ಕೈ ಅದನ್ನು ಇನ್ನೊಂದು ಜಾಗದಲ್ಲಿ ಕತ್ತರಿಸಬಹುದು. ರೋಗಿಯ ದನಿ ಶಾಶ್ವತವಾಗಿ ಹೋಗಬಹುದು. ಹಾಗೆಯೇ, ಕಾರಣ ತಿಳಿಯದೆ ದನಿ ಒಡೆದ ರೋಗಿಯ ಎದೆಯನ್ನೂ ಪರೀಕ್ಷಿಸಬೇಕು ಎಂಬುದು ಎಡ ನರದ ದಾರಿಯನ್ನು ಅರಿತವನಿಗೆ ತಾನಾಗಿ ಹೊಳೆಯುತ್ತದೆ. ಶ್ವಾಸಕೋಶದ ಗಡ್ಡೆ ಅಲ್ಲಿ ನರವನ್ನು ಒತ್ತುತ್ತಿರಬಹುದು. ಇಂಥ ತಿಳಿವಳಿಕೆಯನ್ನು ಪರೀಕ್ಷೆಗೆ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಕೈಬಿಡುವ ಅಧಿಕಾರ ಯಾರು ಯಾರಿಗೆ ಕೊಟ್ಟರು?

ಎರಡನೆಯ ಆರೋಪ: ನಾವು ಒಂದೇ ಕಾರಣದಿಂದ ಹುಟ್ಟಿದ ಸಂಗತಿಗಳನ್ನು ಚೂರುಚೂರು ಮಾಡಿ ಕೊಡುತ್ತಿದ್ದೇವೆ. ಮುಖದ ನರದ ಐದು ಕವಲುಗಳಿಗೆ ‘ಟು ಝಾಂಜಿಬಾರ್ ಬೈ ಮೋಟರ್ ಕಾರ್’ ಎಂಬ ಸೂತ್ರ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದಿದೆ. ಸೂತ್ರ ಬಾಯಿಗೆ ಬರುತ್ತದೆ, ಏನನ್ನೂ ವಿವರಿಸುವುದಿಲ್ಲ. ನಗುವ ಸ್ನಾಯುವಿಗೂ ಕಿವಿಯೊಳಗಿನ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯುವಿಗೂ ಒಂದೇ ನರ ಏಕೆ? ಎರಡೂ ಎರಡನೆಯ ಕಮಾನಿನ ಮಕ್ಕಳು, ಅದಕ್ಕೆ. ಮುಖ ಸೊಟ್ಟಗಾದ ರೋಗಿ ಕಿವಿಗೆ ಸದ್ದು ಜೋರಾಗಿ ಬಡಿಯುತ್ತದೆ ಎಂದು ಏಕೆ ದೂರುತ್ತಾನೆ ಎಂಬುದಕ್ಕೂ ಅದೇ ಉತ್ತರ. ಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಸುತ್ತಿಗೆ ಮತ್ತು ಅಡಿಗಲ್ಲು ಮೊದಲನೆಯ ಕಮಾನಿನವು, ಅಂದರೆ ದವಡೆಯ ಕಮಾನಿನವು. ರಿಕಾಪು ಬಹುಮಟ್ಟಿಗೆ ಎರಡನೆಯದರದು. 1837ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ರೈಖರ್ಟ್ ಭ್ರೂಣಗಳನ್ನು ಪರೀಕ್ಷಿಸಿ, ಸರೀಸೃಪಗಳ ದವಡೆಕೀಲಿನ ಮೂಳೆಗಳೇ ಸಸ್ತನಿಗಳ ಕಿವಿಯ ಮೂಳೆಗಳಿಗೆ ಸಮಾನವೆಂದು ತೋರಿಸಿದರು. ವಿಕಾಸವನ್ನು ಕುರಿತ ಡಾರ್ವಿನ್ನರ ಗ್ರಂಥ ಬರಲು ಇನ್ನೂ ಇಪ್ಪತ್ತೆರಡು ವರ್ಷವಿತ್ತು. ಆಮೇಲೆ ಸಿಕ್ಕ ಮಾರ್ಗನ್ಯುಕೊಡಾನ್ ಎಂಬ ಸುಮಾರು ಇಪ್ಪತ್ತು ಕೋಟಿ ವರ್ಷ ಹಳೆಯ ಜೀವಿಯ ಪಳೆಯುಳಿಕೆಗಳಲ್ಲಿ ಹಳೆಯ ಕೀಲು, ಹೊಸ ಕೀಲು ಎರಡೂ ಒಟ್ಟಿಗೇ ಇದ್ದವು.

ಇದು ಮ್ಯೂಸಿಯಮ್ಮಿನ ಕುತೂಹಲವೇ? ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ಇರುವ ಮಗುವಿನ ದವಡೆ ಚಿಕ್ಕದು, ಕೆನ್ನೆಯ ಮೂಳೆ ಕುಗ್ಗಿದ್ದು, ಹೊರಕಿವಿ ವಿಕಾರವಾದದ್ದು. ಕಮಾನುಗಳ ಚರಿತ್ರೆ ತಿಳಿದ ವೈದ್ಯೆ ಆ ದವಡೆಯನ್ನು ನೋಡಿದ ಕೂಡಲೇ ಮಗುವಿಗೆ ಕಿವಿ ಕೇಳಿಸುತ್ತಿದೆಯೇ ಎಂದು ಪರೀಕ್ಷಿಸುತ್ತಾಳೆ. ದವಡೆಯನ್ನು ಒಂದು ಅಧ್ಯಾಯದಲ್ಲೂ ಕಿವಿಯನ್ನು ಇನ್ನೊಂದು ಅಧ್ಯಾಯದಲ್ಲೂ ಓದಿ ಪಾಸಾದವರಿಗೆ ಆ ಪ್ರಶ್ನೆ ಹೊಳೆಯಬೇಕಾದರೆ ಮತ್ತೊಂದು ಪಟ್ಟಿಯನ್ನು ಉರು ಹೊಡೆದಿರಬೇಕು. ಮಾತು ಕಲಿಯುವ ವಯಸ್ಸಿನ ಮಗುವಿನ ಶ್ರವಣದೋಷ ತಡವಾಗಿ ಪತ್ತೆಯಾದರೆ ಆ ನಷ್ಟವನ್ನು ಯಾವ ಅಂಕಪಟ್ಟಿ ತುಂಬಿಕೊಡುತ್ತದೆ?

ಮೂರನೆಯ ಆರೋಪ: ನೋವಿನ ಜಾಗವನ್ನೇ ರೋಗದ ಜಾಗವೆಂದು ನಂಬುವ ವೈದ್ಯರನ್ನು ನಾವು ತಯಾರಿಸುತ್ತಿದ್ದೇವೆ. ವಪೆ ಎದೆ ಮತ್ತು ಹೊಟ್ಟೆಗಳ ನಡುವೆ ಇದೆ. ಅದಕ್ಕೆ ನರ ಬರುವುದು ಕತ್ತಿನ ಮೂರು, ನಾಲ್ಕು, ಐದನೆಯ ಮಟ್ಟಗಳಿಂದ. ಕಾರಣ, ಭ್ರೂಣದಲ್ಲಿ ವಪೆ ರೂಪುಗೊಳ್ಳಲು ತೊಡಗುವುದೇ ಕತ್ತಿನ ಮಟ್ಟದಲ್ಲಿ. ಆಮೇಲೆ ತನ್ನ ನರವನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಹೆಗಲ ಚರ್ಮಕ್ಕೂ ಅದೇ ಮಟ್ಟದ ನರಗಳು. ಹಾಗಾಗಿ ವಪೆ ಕೆರಳಿದರೆ ನೋವು ಹೆಗಲಲ್ಲಿ ಕಾಣಿಸಬಹುದು. ಅಂಡನಾಳದಲ್ಲಿ ಕಟ್ಟಿದ ಗರ್ಭ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಹೆಂಗಸು ಹೆಗಲ ತುದಿ ನೋಯುತ್ತದೆ ಎಂದು ಹೇಳಬಹುದು. ಗುಲ್ಮ ಒಡೆದ ಅಪಘಾತದ ಗಾಯಾಳು ಎಡಹೆಗಲು ನೋವು ಎನ್ನಬಹುದು. ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ಒಬ್ಬನೇ ಇರುವ ಕಿರಿಯ ವೈದ್ಯ ಆ ಹೆಗಲಿಗೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾನೋ, ಹೊಟ್ಟೆ ಮುಟ್ಟಿ ನೋಡುತ್ತಾನೋ ಎಂಬುದರ ಮೇಲೆ ಒಂದು ಜೀವ ನಿಂತಿದೆ.

ವೃಷಣಗಳ ಕಥೆಯೂ ಹೀಗೆಯೇ. ಮೀನಿನಲ್ಲಿ ಅವು ದೇಹದ ಒಳಗೆ ಮೇಲ್ಭಾಗದಲ್ಲಿರುತ್ತವೆ. ನಮ್ಮ ಭ್ರೂಣದಲ್ಲೂ ಅವು ಮೂತ್ರಪಿಂಡದ ನೆರೆಯಲ್ಲಿ ಹುಟ್ಟಿ, ಹೊಟ್ಟೆಯ ಗೋಡೆಯನ್ನು ಹಾದು ಕೆಳಗಿಳಿಯುತ್ತವೆ. ಇಳಿದ ಆ ದಾರಿಯೇ ಗಂಡಸರ ತೊಡೆಸಂದಿನ ಹರ್ನಿಯಾದ ದಾರಿ. ವೃಷಣಕ್ಕೆ ರಕ್ತ ಬರುವುದು ಹೊಟ್ಟೆಯ ಮಹಾಪಧಮನಿಯಿಂದ. ಅದರ ಕ್ಯಾನ್ಸರ್ ಮೊದಲು ಹರಡುವುದು ಹೊಟ್ಟೆಯ ಆಳದಲ್ಲಿ ಮಹಾಪಧಮನಿಯ ಪಕ್ಕದ ಲಿಂಫ್ ಗ್ರಂಥಿಗಳಿಗೆ. ಕೈಗೆ ಸಿಗುವ ತೊಡೆಸಂದಿನ ಗಂಟುಗಳನ್ನು ಮಾತ್ರ ಮುಟ್ಟಿನೋಡಿ ಏನೂ ಇಲ್ಲ ಎಂದು ಬರೆಯುವ ವೈದ್ಯ ಬಾಯಿಪಾಠದಲ್ಲಿ ಸೋತವನಲ್ಲ, ಬಾಯಿಪಾಠವೇ ಅವನನ್ನು ಸೋಲಿಸಿದೆ.

ನಾಲ್ಕನೆಯದು ಇನ್ನೂ ಗಂಭೀರ. ಪಠ್ಯಪುಸ್ತಕದ ಚಿತ್ರವೇ ದೇಹ, ಅದಕ್ಕೆ ಹೊಂದದ್ದೆಲ್ಲ ಅಪವಾದ ಎಂದು ನಾವು ಕಲಿಸುತ್ತಿದ್ದೇವೆ. ಡಿಸೆಕ್ಷನ್ ಮೇಜಿನ ಮೇಲೆ ಮೂತ್ರಪಿಂಡಕ್ಕೆ ಒಂದರ ಬದಲು ಎರಡು ಅಪಧಮನಿ ಕಂಡರೆ ವಿದ್ಯಾರ್ಥಿ ಪಕ್ಕದ ಮೇಜಿಗೆ ಹೋಗಿ ‘ಸರಿಯಾದ’ ದೇಹ ನೋಡಿಕೊಂಡು ಬರುತ್ತಾನೆ. ಆದರೆ ಹೆಚ್ಚುವರಿ ಅಪಧಮನಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದೆ! ಮೂತ್ರಪಿಂಡ ಸೊಂಟದ ಗುಂಡಿಯಲ್ಲಿ ರೂಪುಗೊಂಡು ಮೇಲಕ್ಕೆ ಏರುತ್ತದೆ. ಏರುವಾಗ ಕೆಳಗಿನ ನಾಳಗಳನ್ನು ಬಿಟ್ಟು ಮೇಲಿನ ಹೊಸ ನಾಳಗಳನ್ನು ಹಿಡಿಯುತ್ತದೆ. ಹಳೆಯದು ಉಳಿದರೆ ಹೆಚ್ಚುವರಿ ಅಪಧಮನಿ. ಎರಡೂ ಮೂತ್ರಪಿಂಡಗಳು ಕೆಳತುದಿಯಲ್ಲಿ ಕೂಡಿಕೊಂಡರೆ ಕುದುರೆಲಾಳದ ಆಕಾರ. ಆ ಜೋಡಿ ಮೇಲೇರುವಾಗ ಕರುಳಿಗೆ ಹೋಗುವ ಕೆಳಗಿನ ಅಪಧಮನಿಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಕಸಿ ಮಾಡುವ ಶಸ್ತ್ರವೈದ್ಯರಿಗೆ ಇವೆಲ್ಲ ದಿನನಿತ್ಯದ ಪ್ರಶ್ನೆಗಳು. ಇಂಥ ವ್ಯತ್ಯಾಸಗಳು ವಿಕಾಸದ ಕಚ್ಚಾವಸ್ತು, ಬೆಳವಣಿಗೆಯ ಗುರುತು. ಅವನ್ನು ತಪ್ಪೆಂದು ನೋಡಲು ಕಲಿತ ಕಣ್ಣು ಜೀವಂತ ರೋಗಿಯ ಒಳಗೆ ಅವು ಎದುರಾದಾಗ ಹೇಗೆ ಗುರುತಿಸೀತು?

ಐದನೆಯದು, ದೇಹ ಪರಿಪೂರ್ಣ ಯಂತ್ರವೆಂಬ ಭ್ರಮೆ. ಪ್ರತಿ ಅಂಗವನ್ನೂ ಅದರ ಕೆಲಸಕ್ಕೆ ಹೇಳಿ ಮಾಡಿಸಿದಂತೆ ವರ್ಣಿಸಿ, ಆಮೇಲೆ ಆ ಅಂಗದ ಕಾಯಿಲೆಗಳನ್ನು ಬೇರೆ ಪುಸ್ತಕದಲ್ಲಿ ಓದಿಸುತ್ತೇವೆ. ತಾಂಜಾನಿಯಾದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದಿನ ಬೂದಿಯ ಮೇಲೆ ಎರಡು ಕಾಲಲ್ಲಿ ನಡೆದವರ ಹೆಜ್ಜೆಗಳು ಉಳಿದಿವೆ. ನಾಲ್ಕು ಕಾಲಿನ ಪೂರ್ವಜರಿಂದ ಬಂದ ಬೆನ್ನೆಲುಬು ನೆಟ್ಟಗೆ ನಿಂತು ಭಾರ ಹೊರುವಂತೆ ಬಾಗಿ ಹೊಂದಿಕೊಂಡಿದೆ. ಆ ಬಾಗಿನ ಬುಡದಲ್ಲೇ, ಸೊಂಟದ ನಾಲ್ಕು–ಐದನೆಯ ಮಣಿಗಳ ನಡುವೆ ಮತ್ತು ಅದರ ಕೆಳಗೆ, ಡಿಸ್ಕ್ ಹೆಚ್ಚಾಗಿ ಜಾರುವುದು. ಅಂದರೆ ರಚನೆಗೂ ರೋಗಕ್ಕೂ ಬೇರು ಒಂದೇ. ರಚನೆಯನ್ನು ಕಲಿಸುವಾಗಲೇ ಅದು ಎಲ್ಲಿ, ಏಕೆ ಸೋಲುತ್ತದೆ ಎಂದು ಕಲಿಸದ ಶಿಕ್ಷಣ ಅರ್ಧ ಶಿಕ್ಷಣ.

ಇನ್ನು ವಿಕಾಸದ ಮಾತು ತರಗತಿಗೆ ಬರುವ ಅಪರೂಪದ ಕ್ಷಣಗಳಲ್ಲಿ ಬರುವುದೇನು? ಮನುಷ್ಯನ ಭ್ರೂಣ ಮೊದಲು ಮೀನಾಗಿ, ಆಮೇಲೆ ಹಲ್ಲಿಯಾಗಿ, ಕೊನೆಗೆ ಮನುಷ್ಯನಾಗುತ್ತದೆ ಎಂಬ, ಜೀವವಿಜ್ಞಾನಿ ಹೆಕೆಲ್‌ನ ಕಾಲದ ಕಥೆ. ಅದಕ್ಕೂ ಮೊದಲೇ, 1828ರಲ್ಲಿ, ಭ್ರೂಣಶಾಸ್ತ್ರಜ್ಞ ಫಾನ್ ಬೇರ್ ಸರಿಯಾದ ಸಂಗತಿ ಹೇಳಿದ್ದರು: ಬೇರೆ ಬೇರೆ ಕಶೇರುಕಗಳ ಭ್ರೂಣಗಳು ಮೊದಲು ಪರಸ್ಪರ ಹೋಲುತ್ತವೆ, ಬೆಳೆದಂತೆ ದೂರವಾಗುತ್ತವೆ. ನಮ್ಮ ಭ್ರೂಣಕ್ಕೆ ಎಂದೂ ಕಿವಿರು ಇರುವುದಿಲ್ಲ. ಮೀನಿನಲ್ಲಿ ಕಿವಿರಾಗುವ ಕಮಾನುಗಳೇ ನಮ್ಮಲ್ಲಿ ದವಡೆ, ಕಿವಿ, ಗಂಟಲು ಆಗುತ್ತವೆ. ಇನ್ನೊಂದು, ಅಪೆಂಡಿಕ್ಸ್ ಒಂದು ನಿರುಪಯುಕ್ತ ಬಾಲ ಎಂಬ ಮಾತು. ಅದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ತುಂಬಿರುವುದನ್ನು ಅದೇ ವಿದ್ಯಾರ್ಥಿ ಸೂಕ್ಷ್ಮದರ್ಶಕದ ತರಗತಿಯಲ್ಲಿ ಕಣ್ಣಾರೆ ನೋಡುತ್ತಾನೆ. ಒಂದೇ ಇಲಾಖೆ ಎರಡು ತರಗತಿಗಳಲ್ಲಿ ಪರಸ್ಪರ ವಿರುದ್ಧವಾದದ್ದನ್ನು ಹೇಳುವಾಗ ಯಾರೂ ತಡೆಯುವುದಿಲ್ಲವೇಕೆ?

ಈ ಸ್ಥಿತಿಗೆ ಸಾಂಸ್ಥಿಕ ಹೊಣೆಯೂ ಇದೆ. ಭಾರತೀಯ ವೈದ್ಯಕೀಯ ಮಂಡಳಿ 2018ರಲ್ಲಿ ಹೊರತಂದು 2019ರಿಂದ ಜಾರಿಗೆ ತಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಅನಾಟಮಿಗೆ 82 ವಿಷಯಗಳು, 409 ಸಾಮರ್ಥ್ಯಗಳಿದ್ದವು. ಭ್ರೂಣಶಾಸ್ತ್ರದ ಸಾಮಾನ್ಯ ಪಾಠಗಳು 76ನೆಯ ವಿಷಯದಿಂದ, ಪಟ್ಟಿಯ ಕೊನೆಯಲ್ಲಿ. ವಿಕಾಸಕ್ಕೆಂದೇ ಒಂದು ವಿಷಯವೂ ಇರಲಿಲ್ಲ. ದೇಹ ಹೇಗಾಯಿತು ಎಂಬುದನ್ನು ದೇಹವನ್ನೆಲ್ಲ ಓದಿ ಮುಗಿಸಿದ ಮೇಲೆ ಬರುವ ಪಾಠವಾಗಿ ಜೋಡಿಸುವುದು ಯಾವ ತರ್ಕ? ನೀಟ್ ಬರೆಯುವ ವಿದ್ಯಾರ್ಥಿ ಪಿಯುಸಿಯಲ್ಲಿ ಜೀವವಿಕಾಸದ ಅಧ್ಯಾಯವನ್ನು ಓದಿಕೊಂಡೇ ಬರುತ್ತಾನೆ. ಅದು ಅವನಿಗೆ ಸೀಟು ಗಿಟ್ಟಿಸಲು ಬೇಕು, ಸೀಟು ಸಿಕ್ಕಮೇಲೆ ಬೇಡ. ಅತ್ತ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದುಹಾಕಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಪ್ರತಿಭಟಿಸಿದರು. 2018ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಡಾರ್ವಿನ್ನರ ಸಿದ್ಧಾಂತವೇ ತಪ್ಪೆಂದು ಸಾರ್ವಜನಿಕವಾಗಿ ಹೇಳಿದ್ದರು. ಅಂಥ ಮಾತಿಗೆ ಎದುರಾಗಿ ಈ ದೇಶದ ಪ್ರತಿಯೊಬ್ಬ ವೈದ್ಯನೂ ತನ್ನ ಕೈಯಾರೆ ಕಂಡ ಸಾಕ್ಷಿ ಹೇಳಬಲ್ಲವನಾಗಿರಬೇಕಿತ್ತು. ಆ ಸಾಕ್ಷಿಯನ್ನು ಅವನ ಕೈಗೆ ನಾವು ಕೊಟ್ಟೇ ಇಲ್ಲ.

ಸಮಯವಿಲ್ಲ ಎನ್ನುತ್ತಾರೆ. 1997ರವರೆಗೆ ಒಂದೂವರೆ ವರ್ಷವಿದ್ದ ಮೊದಲ ಹಂತ ಆಮೇಲೆ ಒಂದು ವರ್ಷಕ್ಕೆ ಇಳಿದದ್ದು ನಿಜ. ಆದರೆ ಸಮಯ ಕಡಿಮೆಯಿದ್ದಾಗ ಬೇಕಾದ್ದು ನೂರು ಸಂಗತಿಗಳನ್ನು ಹತ್ತು ಕಾರಣಗಳಿಗೆ ಇಳಿಸುವ ಬೋಧನೆ. ಭ್ರೂಣದಲ್ಲಿ ತೋಳಿನ ಮೊಗ್ಗು ಹೊರಕ್ಕೂ ಕಾಲಿನ ಮೊಗ್ಗು ಒಳಕ್ಕೂ ತಿರುಗುತ್ತವೆ ಎಂಬ ಒಂದೇ ಸಂಗತಿಯಿಂದ, ಮೊಣಕೈ ಹಿಂದಕ್ಕೂ ಮೊಣಕಾಲು ಮುಂದಕ್ಕೂ ಇರುವುದು, ಹೆಬ್ಬೆರಳು ಕೈಯಲ್ಲಿ ಹೊರಗೆ ಕಾಲಲ್ಲಿ ಒಳಗೆ ಇರುವುದು, ಕಾಲಿನ ಚರ್ಮದ ನರವಲಯಗಳು ಸುರುಳಿ ಸುತ್ತಿರುವುದು ಎಲ್ಲವೂ ಬಿಡಿಸಿಕೊಳ್ಳುತ್ತವೆ. ಸಮಯವನ್ನು ತಿನ್ನುತ್ತಿರುವುದು ಬಾಯಿಪಾಠ. ಉರು ಹೊಡೆದದ್ದನ್ನು ಮರೆತು ಮೂರನೆಯ ವರ್ಷದಲ್ಲಿ ಮತ್ತೆ ಓದುವುದು, ಪಿಜಿ ಪ್ರವೇಶಪರೀಕ್ಷೆಗೆ ಮತ್ತೊಮ್ಮೆ ಓದುವುದು ಯಾವ ಲೆಕ್ಕದಲ್ಲಿ ಉಳಿತಾಯ?

ವೈದ್ಯನಿಗೆ ಬೇಕಾದ್ದು ಉಪಯೋಗದ ಜ್ಞಾನ, ತತ್ವವಲ್ಲ ಎಂದೂ ಹೇಳುತ್ತಾರೆ. ಮೇಲೆ ಹೇಳಿದ ಹೆಗಲ ನೋವು, ಒಡೆದ ದನಿ, ಹರ್ನಿಯಾ, ಮಗುವಿನ ಕಿವಿ ಇವುಗಳಲ್ಲಿ ಯಾವುದು ಉಪಯೋಗಕ್ಕೆ ಬಾರದ್ದು? ಕಲಿಸಬಲ್ಲ ಅಧ್ಯಾಪಕರಿಲ್ಲ ಎನ್ನುತ್ತಾರೆ. ಹಾಗಿದ್ದರೆ ಅಧ್ಯಾಪಕರನ್ನು ತಯಾರು ಮಾಡಿ. 2004ರಲ್ಲಿ ಆರ್ಕ್ಟಿಕ್‌ನ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಎಂಬ ಮೀನಿನ ಪಳೆಯುಳಿಕೆಯನ್ನು ಸಂಗಡಿಗರೊಂದಿಗೆ ಪತ್ತೆಹಚ್ಚಿದ ನೀಲ್ ಶುಬಿನ್ ಶಿಕಾಗೊ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳಿಗೆ ಮನುಷ್ಯನ ಅನಾಟಮಿ ಕಲಿಸಿದವರು. ಈಜುರೆಕ್ಕೆಯೊಳಗೆ ಮಣಿಕಟ್ಟಿನ ಮೂಳೆಗಳಿದ್ದ 37.5 ಕೋಟಿ ವರ್ಷ ಹಿಂದಿನ ಮೀನನ್ನು ಬಲ್ಲವರು ಮನುಷ್ಯನ ಕೈಯನ್ನು ಕಲಿಸಿದರು. ಇದು ಒಬ್ಬ ಅಸಾಧಾರಣ ವ್ಯಕ್ತಿಗೆ ಮಾತ್ರ ಸಾಧ್ಯವಾದ ಪವಾಡವಲ್ಲ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಪ್ರತಿ ಊರಿನ ಮಾರುಕಟ್ಟೆಯಲ್ಲಿದೆ. ಮೀನಿನ ತಲೆ, ಕುರಿಯ ಹೃದಯ, ಮೇಕೆಯ ಕಾಲು, ಮೂರು ದಿನ ಕಾವು ಕೊಟ್ಟ ಕೋಳಿಮೊಟ್ಟೆ: ಇಷ್ಟು ಸಾಕು. ಡಿಜಿಟಲ್ ಡಿಸೆಕ್ಷನ್ ಮೇಜಿಗೆ ಸುರಿಯುವ ಹಣದ ಸಣ್ಣ ಪಾಲೂ ಬೇಕಿಲ್ಲ.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ಅನಾಟಮಿಯ ಪಠ್ಯಕ್ರಮದಲ್ಲಿ ವಿಕಾಸವನ್ನು ಕಡ್ಡಾಯ ಸಾಮರ್ಥ್ಯವಾಗಿ ಸೇರಿಸಲಿ. ಭ್ರೂಣಶಾಸ್ತ್ರವನ್ನು ಬಾಲದಿಂದ ತಲೆಗೆ ತರಲಿ. ಕತ್ತನ್ನು ಕೊಯ್ಯುವ ಮೊದಲು ಕಮಾನುಗಳನ್ನು, ತೋಳನ್ನು ಕೊಯ್ಯುವ ಮೊದಲು ಅದರ ಮೊಗ್ಗನ್ನು ಕಲಿಸಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಪ್ರಶ್ನೆಪತ್ರಿಕೆಯಲ್ಲಿ ‘ಹೆಸರಿಸಿ’, ‘ಪಟ್ಟಿ ಮಾಡಿ’ ಎಂಬವುಗಳ ಜಾಗದಲ್ಲಿ ‘ಏಕೆ’ ಎಂಬ ಪ್ರಶ್ನೆಗೆ ಅಂಕ ಇಡಲಿ. ಪರೀಕ್ಷೆ ಬದಲಾದ ದಿನ ತರಗತಿ ತಾನಾಗಿ ಬದಲಾಗುತ್ತದೆ. ಪ್ರತಿ ಇಲಾಖೆಯ ಮ್ಯೂಸಿಯಮ್ಮಿನಲ್ಲಿ ಮನುಷ್ಯನ ಮಾದರಿಗಳ ಪಕ್ಕದಲ್ಲಿ ಬೇರೆ ಕಶೇರುಕಗಳ ಮಾದರಿಗಳು ಬರಲಿ. ಡಿಸೆಕ್ಷನ್‌ನಲ್ಲಿ ಕಂಡ ಪ್ರತಿ ವ್ಯತ್ಯಾಸವನ್ನೂ ವಿದ್ಯಾರ್ಥಿ ದಾಖಲಿಸಿ, ಅದು ಹೇಗಾಯಿತೆಂದು ವಿವರಿಸುವುದು ಅವನ ರೆಕಾರ್ಡಿನ ಭಾಗವಾಗಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ಮುಂದಿರುವ ದೇಹ ಯಾರೋ ತಾವು ಸತ್ತ ಮೇಲೂ ನಿಮಗೆ ಕಲಿಸಲೆಂದು ಬಿಟ್ಟುಹೋದದ್ದು. ಆ ದಾನಕ್ಕೆ ಪಟ್ಟಿಯೊಂದನ್ನು ಒಪ್ಪಿಸಿ ಎದ್ದುಹೋಗುವುದು ಗೌರವವಲ್ಲ. ಪ್ರತಿ ನರದ ಎದುರೂ, ಪ್ರತಿ ನಾಳದ ಎದುರೂ ನಿಂತು ಇದು ಹೀಗೇಕೆ ಎಂದು ಕೇಳಿ. ಪರೀಕ್ಷೆಗೆ ಬರುವುದಿಲ್ಲ ಎಂಬ ಉತ್ತರ ಬಂದರೆ ಒಪ್ಪಬೇಡಿ, ಮತ್ತೆ ಕೇಳಿ. ನಾಳೆ ನಿಮ್ಮ ಮುಂದೆ ಬರುವ ರೋಗಿಗೆ ಬೇಕಾದ್ದು ಪಟ್ಟಿ ಗೊತ್ತಿರುವ ವೈದ್ಯರಲ್ಲ, ಕಾರಣ ಗೊತ್ತಿರುವ ವೈದ್ಯರು. ಅವರನ್ನು ತಯಾರಿಸಲಾರದ ಬೋಧನೆಯನ್ನು ಇನ್ನೊಂದು ಬ್ಯಾಚಿಗೂ ಮುಂದುವರಿಸುವ ಹಕ್ಕು ನಮಗೆ ಯಾರಿಗೂ ಇಲ್ಲ.